ಏಳು ಗೇಣಿನ ಬಾಯಿ

ಒಂದಾನೊಂದು ಊರು, ಊರ ಹೆಸರು ಕುಪ್ಪೇಲೂರು. ಆ ಊರಿನಲ್ಲಿ ಒಂದು ರಾಕ್ಷಸ ಇತ್ತು. ಅದಕ್ಕೆ ಗುಡಾಣದಂಥ ಹೊಟ್ಟೆ, ಏಳು ಗೇಣಿನ ಬಾಯಿ. ತಲೆ ಮಾತ್ರ ಇರಲಿಲ್ಲ.

ನೀವು ಹೂಂ ಅನ್ನಬೇಕು. ನಮ್ಮ ಮನೆಯಲ್ಲಿ ಕಥೆಯ ಕಾನೂನೇ ಹಾಗೆ. ಕೇಳುವವರು ಹೂಂ ಅಂದರೆ ಕಥೆ ಮುಂದಕ್ಕೆ ಹೋಗುತ್ತದೆ. ಅನ್ನದಿದ್ದರೆ ನನ್ನ ಅಜ್ಜಿ ಹೊಳಿಯವ್ವ ಅಲ್ಲಿಗೇ ನಿಲ್ಲಿಸಿ ಮಗ್ಗುಲು ಬದಲಿಸುತ್ತಾಳೆ. ನಾನು ಸಣ್ಣವಳಿದ್ದಾಗ ನಡುವೆಯೇ ನಿದ್ದೆ ಹೋದ ತಪ್ಪಿಗೆ ಎಷ್ಟೋ ರಾಜಕುಮಾರಿಯರು ಇಂದಿಗೂ ಗುಹೆಯಲ್ಲೇ ಕೂತಿದ್ದಾರೆ.

ರಾಕ್ಷಸ ಅಂದರೆ ನಮ್ಮ ಪರಮೇಶಪ್ಪ ಕಾಕಾನ ಕಟಾವು ಮಷಿನ್ನು. ಹದಿನೈದು ವರ್ಷದ ಹಿಂದೆ ಪಂಜಾಬಿನಿಂದ ಬಂದದ್ದು. ಅದರ ಹಣೆಯ ಮೇಲೆ ಅಲ್ಲಿನ ಲಿಪಿಯಲ್ಲಿ ಒಂದು ಸಾಲು ಬರೆದಿದೆ. ಊರಿನ ಹೆಂಗಸರು ಅದನ್ನು ಮಂತ್ರವೆಂದು ತಿಳಿದು ಅಮಾವಾಸ್ಯೆಗೊಮ್ಮೆ ಕುಂಕುಮ ಹಚ್ಚುತ್ತ ಬಂದರು. ಏಳು ವರ್ಷದ ಮೇಲೆ ಒಬ್ಬ ಸರದಾರ ಡ್ರೈವರು ಬಂದು ಓದಿ, ‘ದೂರ ನಿಲ್ಲಿ’ ಎಂದು ಬರೆದಿದೆ ಅಂದ. ಆವತ್ತಿನಿಂದ ಹೆಂಗಸರು ದೂರ ನಿಂತು ಕುಂಕುಮ ಎರಚುತ್ತಾರೆ.

ಮಷಿನ್ನಿಗೆ ಮುಂದೆ ಕಟ್ಟುವ ಹೆಡ್ಡು ಬೇರೆ, ಹಿಂದಿನ ಮೈ ಬೇರೆ. ಪೈರು ಕೊಯ್ಯುವುದು ಹೆಡ್ಡು, ನುಂಗಿ ಕಾಳು ಬಿಡಿಸುವುದು ಮೈ. ಕಾಕಾನ ಮಷಿನ್ನಿಗೆ ಇದ್ದದ್ದು ಭತ್ತ ಕೊಯ್ಯುವ ಹಳೆಯ ಹೆಡ್ಡು. ನಮ್ಮ ಸುತ್ತಲಿನ ಹೊಲಗಳಲ್ಲೋ ಎಲ್ಲಿ ನೋಡಿದರೂ ಗೋವಿನಜೋಳ. ಕಾಕಾ ಒಂದು ದಿನ ಹಳೆಯ ಹೆಡ್ಡನ್ನು ಹೊಳೆಯಾಚೆಯ ಭತ್ತದವರಿಗೆ ಕೊಟ್ಟು, ಹಾವೇರಿಗೆ ಹೋಗಿ ಗೋವಿನಜೋಳ ಕೊಯ್ಯುವ ಹೊಚ್ಚ ಹೊಸ ಹೆಡ್ಡು ನಿಕ್ಕಿ ಮಾಡಿ ಬಂದ.

“ಇದು ಹೊಸಾ ಮಷಿನ್‌ಗೆ ಅಂತ ಮಾಡಿದ್ದರಿ,” ಎಂದು ಅಂಗಡಿಯವರು ಹೇಳಿದರಂತೆ. “ನಿಮ್ಮದು ಹಳೇ ಮಾಡೆಲ್. ನಡುವ ಒಂದು ಚೌಕಟ್ಟು ಮಾಡಿಸಿ ಕೂಡಸ್ಬೇಕಾಗತೈತಿ.”

“ಅದೇನ್ ಬಿಡ್ರಿ, ಒಂದು ತಾಸಿನ ಕೆಲಸ,” ಅಂದ ಕಾಕಾ.

ಒಂದು ತಾಸಿನ ಕೆಲಸ ಎಂದು ಕಾಕಾ ಬಿಚ್ಚಿದ ನಮ್ಮ ಮನೆಯ ಮಿಕ್ಸಿ ಮೂರು ವರ್ಷದಿಂದ ಎರಡು ಬುಟ್ಟಿಗಳಲ್ಲಿದೆ. ಇದು ಗೊತ್ತಿದ್ದೂ ಅಜ್ಜಿ ಮೋಸಹೋದಳು, ಯಾಕೆಂದರೆ ಮಗ. ಅಜ್ಜಿಯ ಮೂರೂವರೆ ಎಕರೆ ಗೋವಿನಜೋಳ ಒಣಗಿ ನಿಂತಿತ್ತು. ತೆನೆ ಮುರಿಯುವ ಆಳುಗಳು ಮನೆ ಬಾಗಿಲಿಗೆ ಬಂದು ಕೂತಿದ್ದರು. ಕಾಕಾ ಅವರೆದುರಿಗೇ ಎದೆ ತಟ್ಟಿಕೊಂಡ: “ಯವ್ವಾ, ಕಳಿಸಿಬಿಡು ಇವರನ್ನ. ಹೊಸಾ ಹೆಡ್ಡಿನ ಮೊದಲನೇ ಕೊಯ್ಲು ನಿನ್ನ ಹೊಲದಾಗ. ಕೊಯ್ಯಲಿಲ್ಲಾಂದ್ರ ನಾನು ನಿನ್ನ ಮಗನ ಅಲ್ಲ!”

ಅಜ್ಜಿ ಹೂಂ ಅಂದಳು. ಆಳುಗಳು ಬ್ಯಾಡಗಿ ಕಡೆ ಹತ್ತಿ ಬಿಡಿಸಲು ಹೊರಟುಹೋದರು. ಸುತ್ತಲಿನ ಬೇರೆ ಮಷಿನ್ನುಗಳೆಲ್ಲ ಇನ್ನೂ ಹತ್ತು ದಿನ ಯಾರ್ಯಾರಿಗೋ ಒಪ್ಪಿಕೊಂಡಿದ್ದವು. ಮರುದಿನವೇ ಸಮುದ್ರದಲ್ಲಿ ಎಲ್ಲೋ ಗಾಳಿ ಎದ್ದಿದೆ, ಶನಿವಾರದಿಂದ ಮಳೆ ಎಂದು ಎಲ್ಲರ ಫೋನಿನಲ್ಲೂ ಬಂತು. ಒಣಗಿದ ತೆನೆ ನಿಂತಲ್ಲೇ ನೆನೆದರೆ ಮೊಳಕೆ ಬರುತ್ತದೆ. ಒಂದು ವರ್ಷದ ಬೆಳೆ.

ಸೋಮವಾರ ಹೆಡ್ಡು ಬಂತು.

ಅದನ್ನು ಹೇಗೆ ಹೇಳಲಿ? ಹಸಿರು ಬಣ್ಣ, ನಮ್ಮ ಪಡಸಾಲೆಯಷ್ಟು ಅಗಲ, ಮುಂದಕ್ಕೆ ಚಾಚಿದ ಏಳು ಚೂಪು ಮೂತಿ. ಲಾರಿಯಿಂದ ಇಳಿಸುವಾಗ ಬಿಸಿಲು ಬಿದ್ದು ಏಳೂ ಮೂತಿ ಒಮ್ಮೆಲೇ ಹೊಳೆದವು. ಅಜ್ಜಿಯ ಕಥೆಯ ಏಳು ಹೆಡೆಯ ಸರ್ಪ ರಾಣೆಬೆನ್ನೂರು ರಸ್ತೆಯಲ್ಲಿ ಬಂದು ನಮ್ಮ ತಿಪ್ಪೆಯ ಪಕ್ಕ ಮಲಗಿದಂತೆ ನನಗೆ ಮೈ ಜುಂ ಎಂದಿತು. ಊರಿಗೆ ಊರೇ ಬಂದು ನಿಂತಿತ್ತು. ಪಕ್ಕದ ಮನೆಯ ಬಿಬಿಜಾನ್ ಕಾಲಾ, ಅಂದರೆ ಓಣಿಗೆಲ್ಲ ಚಿಕ್ಕಮ್ಮ, ಸೆರಗು ಬಾಯಿಗೆ ಹಿಡಿದು, “ಹೊಳಿಯವ್ವಾ, ಇದು ಉಣ್ಣೂದೋ, ಬಡಿಸೂದೋ?” ಎಂದು ಮೆಲ್ಲಗೆ ಕೇಳಿದಳು.

ಇನ್ನು ಚೌಕಟ್ಟು. ಹೊಸ ಹೆಡ್ಡಿನ ಬೆನ್ನಿಗೂ ಹಳೆಯ ಮಷಿನ್ನಿನ ಬಾಯಿಗೂ ನಡುವೆ ಕೂಡುವ ಕಬ್ಬಿಣದ ಚೌಕಟ್ಟು. ಅದನ್ನು ಮಾಡುವವನು ರಾಣೆಬೆನ್ನೂರಿನ ವೆಲ್ಡಿಂಗ್ ಖಲಂದರ. ಅವನಿಗೆ ಬಾಯಿಯ ಅಗಲ ಹೇಳಬೇಕು. ಕಾಕಾ ಮಷಿನ್ನಿನ ಮುಂದೆ ನಿಂತು ಬಲಗೈ ಹೆಬ್ಬೆರಳು ಕಿರುಬೆರಳು ಚಾಚಿ, ಒಂದೊಂದು ಗೇಣಿಗೂ ಸುಣ್ಣದ ಗೆರೆ ಎಳೆಯುತ್ತ ಅಳೆದ. ಸರಿಯಾಗಿ ಏಳು ಗೇಣು.

ಟೇಪು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅದು ನಮ್ಮ ಸುಶೀಲವ್ವ ಚಿಗವ್ವನ ಜಂಪರ್ ಹೊಲಿಯುವ ಟೇಪು. “ಜಂಪರಿನ ಟೇಪಿಲಿಂದ ಕಬ್ಬಣ ಅಳೀತಾರೇನ?” ಎಂದು ಕಾಕಾ ಹೆಂಡತಿಯನ್ನು ಗದರಿದ. “ಮನಿ ಕಟ್ಟುವಾಗ ಯಜಮಾನನ ಕೈ ಹಿಡಿದು ಆಯ ನೋಡೂದಿಲ್ಲೇನು? ಮನೀಗೆ ಬರೂ ಲಕ್ಷ್ಮಿನ್ನ ಯಜಮಾನನ ಕೈಲಿಂದನ ಅಳೀಬೇಕು. ಈ ಮನಿ ಹೊಸ್ತಲಾ, ಬಾಗಲಾ, ಕಾಳು ತುಂಬೂ ಹಗೇದ ಬಾಯಿ, ಎಲ್ಲಾ ನಮ್ಮಪ್ಪನ ಗೇಣು!”

“ಅದಕ್ಕ ಬಾಗಲಾ ಹಾಕಿದ್ರೂ ಇಲಿ ಒಳಗ ಬರ್ತಾವು,” ಎಂದು ಚಿಗವ್ವ ಒಳಗೆ ಹೋದಳು.

ಕಾಕಾ ಫೋನಿನಲ್ಲಿ ಹೇಳಿದ: “ಖಲಂದರ, ಏಳು ಗೇಣು.”

“ಏಳು ಗೇಣ್ರೀ?”

“ಏಳು. ಒಂದು ಕೂದಲೆಳಿ ಹೆಚ್ಚಿಲ್ಲ, ಕಡಿಮಿ ಇಲ್ಲ.”

ಬುಧವಾರ ಮುಂಜಾನೆ ಖಲಂದರ ಚೌಕಟ್ಟನ್ನು ಟೆಂಪೋದಲ್ಲಿ ಹೇರಿಕೊಂಡು ತಾನೇ ಬಂದ. ಆರಡಿ ಆಳು, ಬಾಗಿಲಲ್ಲಿ ಬಗ್ಗಿ ಬರುವವನು. ಕಾಕಾ ತೆಂಗಿನಕಾಯಿ ಒಡೆದ. ನಾಲ್ಕು ಮಂದಿ ಚೌಕಟ್ಟು ಎತ್ತಿ ಮಷಿನ್ನಿನ ಬಾಯಿಗೆ ಹಿಡಿದರು. ಅದು ಕೂಡಲಿಲ್ಲ. ಮಷಿನ್ನಿನ ಬಾಯಿ ಚೌಕಟ್ಟಿನೊಳಗೆ, ದೊಡ್ಡಪ್ಪನ ಚಪ್ಪಲಿ ಮೆಟ್ಟಿದ ಕೂಸಿನ ಕಾಲಿನಂತೆ, ಆಚೆಗೂ ಈಚೆಗೂ ಆಡತೊಡಗಿತು.

“ಎಷ್ಟು ಮಾಡೀದಿ ಇದನ್ನ?” ಕಾಕಾ ಕೇಳಿದ.

“ಏಳು ಗೇಣ್ರೀ ಅಣ್ಣಾರ. ನೋಡ್ರಿ.” ಖಲಂದರ ಚೌಕಟ್ಟಿನ ಮೇಲೆ ಗೇಣು ಹಾಕಿ ತೋರಿಸಿದ. ಒಂದು, ಎರಡು, ಮೂರು… ಏಳು.

“ಮಷಿನ್ನೂ ಏಳು. ನೋಡಿಲ್ಲಿ ಗೆರಿ.” ಕಾಕಾ ಗೆರೆಯಿಂದ ಗೆರೆಗೆ ಗೇಣು ಎಣಿಸಿದ. ಏಳು.

ಎರಡೂ ಏಳು, ಆದರೂ ಒಂದಕ್ಕೊಂದು ಕೂಡುತ್ತಿಲ್ಲ! ನೆರೆದ ಜನ ದಂಗಾದರು. ನಾನಂತೂ ಪೂರ್ತಿ ಮರುಳಾದೆ. ಅಜ್ಜಿಯ ಕಥೆಯ ಮಾಯಾ ಅರಮನೆಯಲ್ಲೂ ಹೀಗೇ ಆಗುತ್ತದೆ, ಒಳಗೆ ಹೋದವನಿಗೆ ಅದು ಹೊರಗಿನಿಂದ ಕಂಡದ್ದಕ್ಕಿಂತ ದೊಡ್ಡದು.

ಕಾಕಾ ಆಳವಾಗಿ ವಿಚಾರ ಮಾಡಿದ. “ಇಬ್ಬನಿ ಬಿದ್ದೈತಿ,” ಅಂದ. “ಥಂಡಿಗೆ ಕಬ್ಬಣ ಮುದುಡತೈತಿ. ಮಷಿನ್ನು ರಾತ್ರೆಲ್ಲಾ ಬಯಲಾಗ ನಿಂತು ಮುದುಡ್ಯಾದ. ಬಿಸಲ ಏರಲಿ, ಹಿಗ್ಗತಾದ.”

ಹನ್ನೆರಡು ಗಂಟೆಯವರೆಗೆ ಮಷಿನ್ನು ಹಿಗ್ಗಲೆಂದು ಎಲ್ಲರೂ ನೆರಳಲ್ಲಿ ಕೂತು ಚಹಾ ಕುಡಿದರು. ಮಷಿನ್ನು ಹಿಗ್ಗಲಿಲ್ಲ. ಕಾಕಾ ಸಿಟ್ಟಿಗೆದ್ದು ಚೌಕಟ್ಟನ್ನು ತಾನೇ ಒಂದು ಬದಿಗೆ ದಬ್ಬಿದ. ಅದು ಜಾರಿ, ಅವನ ಬಲಗೈ ಹೆಬ್ಬೆರಳನ್ನು ಹಿಡಿಯಿತು. ದವಾಖಾನೆಯಿಂದ ಬಂದಾಗ ಹೆಬ್ಬೆರಳು ಬಿಳಿ ಬಟ್ಟೆ ಸುತ್ತಿಕೊಂಡು ಮುಳಗಾಯಿಯಷ್ಟು ದಪ್ಪವಾಗಿತ್ತು.

ಆಗ ಚಿಗವ್ವ ಅಂದಳು: “ಇಬ್ಬರೂ ಎಡಗೈ ಚಾಚ್ರಿ. ಒಂದಕ್ಕೊಂದು ಹಚ್ಚ್ರಿ.”

ಹಚ್ಚಿದರು. ಖಲಂದರನ ಬೆರಳುಗಳು ಕಾಕಾನ ಬೆರಳುಗಳ ಮೇಲೆ ಇನ್ನೂ ಒಂದೂವರೆ ಇಂಚು ಎದ್ದು ಆಕಾಶ ನೋಡುತ್ತಿದ್ದವು. ಒಂದು ಗೇಣಿಗೆ ಒಂದೂವರೆ ಇಂಚು, ಏಳು ಗೇಣಿಗೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

“ಯಾ ಅಲ್ಲಾ,” ಎಂದು ಖಲಂದರ ತನ್ನ ಕೈಯನ್ನೇ ಬೇರೆ ಯಾರದೋ ಎನ್ನುವಂತೆ ನೋಡಿಕೊಂಡ. “ಅಣ್ಣಾರ, ನಾ ಇದನ್ನ ಕಡಿದು ಮತ್ತ ಕೂಡಸ್ತೀನಿ. ಖರೇ ಅಳತಿ ಕಳಸ್ರಿ. ಅಂಗಡ್ಯಾಗ ಮಷಿನ್ನು ಸಾಲುಗಟ್ಟಿ ನಿಂತಾವು, ನಾ ಇನ್ನ ಬರಾಕಾಗೂದಿಲ್ಲ.” ಚೌಕಟ್ಟು ಹೇರಿಕೊಂಡು ಹೊರಟುಹೋದ.

ಅಜ್ಜಿ ಇಷ್ಟು ಹೊತ್ತೂ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ಕಾಕಾ ಹತ್ತಿರ ಹೋಗಿ, “ಯವ್ವಾ, ಚಿಂತಿ ಮಾಡಬ್ಯಾಡ. ನಾಳೆ ಆಗತೈತಿ,” ಅಂದ.

ಅಜ್ಜಿ ಹೂಂ ಅನ್ನಲಿಲ್ಲ. ಮೊರ ಎತ್ತಿಕೊಂಡು ಆ ಕಡೆ ಮುಖ ಮಾಡಿ ಕೂತಳು. ಕಾಕಾನ ಕಥೆ ಅಲ್ಲಿಗೇ ನಿಂತಿತು.

ಐವತ್ತು ದಾಟಿದ ಗಂಡಸು ಹಾಗೆ ಕಂಗಾಲಾದದ್ದನ್ನು ನಾನು ನೋಡಿರಲಿಲ್ಲ. ಊಟ ಬಿಟ್ಟ. ಎಡಗೈಯಿಂದ ಅಳೆಯಲು ಒಪ್ಪಲಿಲ್ಲ. ಎಡಗೈ ಹೋಲಿಸುವುದಕ್ಕೆ ಆಗುತ್ತದೆ, ಅಳೆಯುವುದಕ್ಕಲ್ಲ, ಎಡಗೈಲಿಂದ ಅಳೆದ ಮಷಿನ್ನು ಹಿಂದಕ್ಕೆ ಓಡುತ್ತದೆ ಎಂದ. ನಾನು ಕೋಲು ಕಡಿದು ಕಳಿಸೋಣ ಎಂದೆ. ಕೈಗೆ ಸಿಕ್ಕಿದ್ದು ಹಸಿ ಮೇವಿನ ದಂಟು. ಅದನ್ನೇ ಸುಣ್ಣದ ಗೆರೆಗೆ ಸರಿಯಾಗಿ ಕಡಿದು, ಸಂಜೆಯ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಕಳಿಸಿದ. ಒಂದು ತಾಸಿನ ಮೇಲೆ ಖಲಂದರನ ಫೋನು.

“ಅಣ್ಣಾರ, ದಂಟು ಮುಟ್ಟೇತ್ರಿ. ಇಷ್ಟ ಸಣ್ಣ ಬಾಯಿ ಇದ್ದರ ಆ ಮಷಿನ್ನಿಗೆ ಬಾಟ್ಲಿ ಹಾಲು ಹಾಕ್ರಿ.”

“ಎಷ್ಟೈತಿ?”

“ಒಂದು ಮೊಳಾನೂ ಇಲ್ಲ. ಬಸ್ಸಿನ್ಯಾಗ ಯಾರದೋ ಆಡು ಇತ್ತಂತರಿ.”

ಕಾಕಾನಿಗೆ ಕೋಲಿನ ಮೇಲಿನ ನಂಬಿಕೆ ಅಲ್ಲಿಗೆ ಹೋಯಿತು. ಉಳಿದದ್ದು ಒಂದೇ ದಾರಿ. ತನ್ನ ಗೇಣಿಗೆ ಸರಿಹೊಂದುವ ಇನ್ನೊಂದು ಗೇಣು ಊರಲ್ಲಿ ಎಲ್ಲಾದರೂ ಇದ್ದೇ ಇರಬೇಕು. ಆ ಕೈಯನ್ನು, ಕೈಯ ಹಿಂದಿನ ಮನುಷ್ಯನ ಸಮೇತ, ರಾಣೆಬೆನ್ನೂರಿಗೆ ಒಯ್ಯಬೇಕು. ನನಗೆ ಈ ವಿಚಾರ ಎಷ್ಟು ಚಂದ ಕಂಡಿತೆಂದರೆ, ಚಿಗವ್ವನ ಟೇಪಿನ ನೆನಪೇ ಆಗಲಿಲ್ಲ. ಸುಳ್ಳೇಕೆ, ಆಯಿತು. ಆದರೆ ಕಥೆ ಇಷ್ಟು ಚಂದ ಹೊರಟಾಗ ಯಾರು ಬಾಯಿ ಹಾಕುತ್ತಾರೆ?

ಗುರುವಾರ ಬೆಳಗಾಗುತ್ತಲೇ ಕಾಕಾ ಓಣಿ ಹಿಡಿದ. ಹಿಂದೆ ನಾನು, ಕೈಯಲ್ಲಿ ನೋಟುಬುಕ್ಕು. ಮೊದಲು ಬಿಬಿಜಾನ್ ಕಾಲಾನ ಮನೆ.

“ಕೈ ಚಾಚವಾ, ಗೇಣು ನೋಡ್ಬೇಕು.”

ಬಿಬಿಜಾನ್ ಕಾಲಾ ಚಾಚಿದಳು. ಸಣ್ಣದಾಯಿತು. ನಾನು ಹೆಸರು ಬರೆದುಕೊಂಡೆ. ಆ ಬರೆದುಕೊಂಡದ್ದೇ ಎಡವಟ್ಟಾಯಿತು. ಕೂಲಿ ಕೆಲಸ ಮಾಡಿ ಮಾಡಿ ಅವಳ ಹೆಬ್ಬೆರಳು ಸವೆದು, ರೇಷನ್ ಅಂಗಡಿಯ ಯಂತ್ರ ಮೂರು ತಿಂಗಳಿನಿಂದ ಅವಳನ್ನು ಗುರುತಿಸುತ್ತಿರಲಿಲ್ಲ. ಕಾಕಾ ಓಣಿ ತಿರುಗುವಷ್ಟರಲ್ಲಿ ಅವಳು ನೀರಿನ ನಳದ ಹತ್ತಿರ ಹೇಳಿದ್ದಳು: “ಇನ್ನ ಹೆಬ್ಬಟ್ಟು ಬಂದ್ ಆತಂತ ನೋಡ್ರವಾ. ಪೂರಾ ಗೇಣು ತಗೊಳ್ಳಾಕತ್ತಾರ. ಹೊಳಿಯವ್ವನ ಮೊಮ್ಮಗಳು ಹೆಸರು ಬರಕೊಂಡಳು.”

ಒಂಬತ್ತು ಗಂಟೆಗೆ ನಮ್ಮ ಮನೆಯ ಮುಂದೆ ಇಪ್ಪತ್ತು ಜನ. ಹತ್ತಕ್ಕೆ ಸಾಲು ಹನುಮಪ್ಪನ ಗುಡಿ ಮುಟ್ಟಿತು. ಹನ್ನೊಂದಕ್ಕೆ ಕದರಮಂಡಲಗಿಯಿಂದ ಒಂದು ಟಂಟಂ ತುಂಬ ಜನ ಇಳಿದರು. ಎಲ್ಲರ ಕೈಯಲ್ಲಿ ಆಧಾರ್ ಝೆರಾಕ್ಸು, ಎರಡು ಫೋಟೋ, ಪಾಸುಬುಕ್ಕು. ದೊಡ್ಡ ಗೇಣಿನವರಿಗೆ ಹೆಚ್ಚು ರೊಕ್ಕ ಬರುತ್ತದೆಂದು ಯಾರೋ ಅಂದಿದ್ದರಿಂದ ಕೆಲವರು ಕುಸುಬೆ ಎಣ್ಣೆ ತಿಕ್ಕಿ ಬೆರಳು ಜಗ್ಗಿಕೊಳ್ಳುತ್ತಿದ್ದರು. ಬಿಸಿನೀರಿನ ಚರಿಗೆಯಲ್ಲಿ ಕೈ ಅದ್ದಿಕೊಂಡೇ ಸಾಲಿನಲ್ಲಿ ನಿಂತವರಿದ್ದರು.

ಕಾಕಾನ ಕಣ್ಣು ತುಂಬಿ ಬಂದವು. “ನೋಡಿದೇನ, ಪ್ರಿಯಾಂಕಾ,” ಎಂದು ನನಗೆ ಹೇಳಿದ. “ನಮ್ಮವ್ವನ ಹೊಲದ ಸಲುವಾಗಿ ಎಷ್ಟ ಮಂದಿ ಬಂದಾರ! ಊರಂದ್ರ ಹಿಂಗಿರಬೇಕು.”

ಒಬ್ಬೊಬ್ಬರೇ ಮುಂದೆ ಬಂದು, ಚಪ್ಪಲಿ ಬಿಟ್ಟು, ಮಷಿನ್ನಿಗೆ ನಮಸ್ಕಾರ ಮಾಡಿ, ಸುಣ್ಣದ ಗೆರೆಗಳ ನಡುವೆ ಗೇಣಿಡತೊಡಗಿದರು. ಕೆಲವರದು ಉದ್ದ, ಕೆಲವರದು ಗಿಡ್ಡ.

“ಯಾವಾಗ ಬರತೈತ್ರಿ?” ಎಂದು ಒಬ್ಬ ಮುದುಕ ಕೇಳಿದ.

“ಶನಿವಾರದ ಒಳಗ ಬರಬೇಕ್ರಿ. ಇಲ್ಲಾಂದ್ರ ಈ ವರ್ಷದ್ದು ಹೋದಂಗ,” ಅಂದ ಕಾಕಾ. ಸಾಲಿನಲ್ಲಿ ನೂಕಾಟ ಶುರುವಾಯಿತು.

ಸುದ್ದಿ ಮುಟ್ಟಿ, ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿ ವಿಜಯಮಹಾಂತೇಶ ಮೋಟರ್ ಸೈಕಲ್ಲಿನಲ್ಲಿ ಬಂದ. ಹೆಲ್ಮೆಟ್ ತೆಗೆಯದೆಯೇ ಕೇಳಿದ: “ಯಾವ ಯೋಜನಾರೀ ಇದು? ಯಾರು ಆರ್ಡರ್ ಕೊಟ್ಟೋರು?”

“ನಮ್ಮವ್ವ,” ಅಂದ ಕಾಕಾ.

“ಎಷ್ಟರ ಮಟ್ಟಿಗೆ ಬಂದೈತಿ?”

“ನೂರಾ ಹದಿನಾರು ಕೈ ಆದವ್ರಿ. ಒಂದೂ ಕೂಡಿಲ್ಲ.”

ವಿಜಯಮಹಾಂತೇಶ ಹೆಲ್ಮೆಟ್ ತೆಗೆದ. ಏಳು ಮೂತಿಯ ಹೆಡ್ಡು ನೋಡಿದ, ತಲೆ ಇಲ್ಲದ ಮಷಿನ್ನು ನೋಡಿದ, ಗುಡಿ ದಾಟಿ ಕೆರೆಯ ಕಡೆ ತಿರುಗಿದ ಸಾಲು ನೋಡಿದ. ಸರಕಾರಿ ಕಾಗದ ಮೇಲಿನಿಂದ ಹೊರಟದ್ದು ಎಷ್ಟೋ ಸಲ ತನಗೆ ಕೊನೆಗೇ ಮುಟ್ಟುತ್ತದೆ ಎಂಬುದು ಅವನಿಗೆ ಗೊತ್ತು. ಸ್ವಲ್ಪ ದನಿ ತಗ್ಗಿಸಿ, “ನೌಕರದಾರರಿಗೆ ಐತೇನ್ರೀ?” ಎಂದ.

“ಯಾರದಾದ್ರೇನ್ರಿ, ಇಡ್ರಿ ಕೈ.”

ಇಟ್ಟ. ಒಂದು ಬೆರಳು ಕಡಿಮೆಯಾಯಿತು. ಅವನ ಮುಖ ಸಣ್ಣದಾಯಿತು. “ಎಲ್ಲಾರದೂ ತಗೊಂಡ್ರಿ, ನಿಮ್ಮ ಮನಿಯವರದ ತಗೊಂಡಿಲ್ಲ,” ಎಂದು ಗದರಿದ, ತನ್ನ ಅಧಿಕಾರಕ್ಕೆ ಏನಾದರೂ ಒಂದು ತಪ್ಪು ಹುಡುಕಬೇಕಿತ್ತಲ್ಲ. “ಇದು ನಿಯಮದಾಗ ಬರೂದಿಲ್ಲ.”

ಚಿಗವ್ವ ಕೈ ಇಟ್ಟಳು, ಕೂಡಲಿಲ್ಲ. ನಾನಿಟ್ಟೆ, ಕೂಡಲಿಲ್ಲ. ಆಗ ಎಲ್ಲರ ಕಣ್ಣೂ ಕಟ್ಟೆಯ ಕಡೆ ಹೊರಳಿದವು.

ಅಜ್ಜಿ ಮೊರ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. ಮಗನ ಮುಖ ನೋಡದೆ ಮಷಿನ್ನಿನ ಮುಂದೆ ಬಂದು ನಿಂತಳು. ಎಪ್ಪತ್ತೆಂಟು ವರ್ಷದ ಕೈ. ರೊಟ್ಟಿ ಬಡಿದು ಬಡಿದು ಅಂಗೈ ಹರವಾಗಿ, ಬೆರಳು ನೀಳವಾದ ಕೈ. ಮೊದಲ ಗೆರೆಯ ಮೇಲೆ ಹೆಬ್ಬೆರಳು ಇಟ್ಟಳು. ಕಿರುಬೆರಳು ಎರಡನೆಯ ಗೆರೆಯ ಮೇಲೆ ಬಂದು ಕೂತಿತು.

“ಒಂದು,” ಅಂದಿತು ಜನ.

“ಎರಡು.”

ಮೂರಕ್ಕೆ ಮಂದಿ ಒಂದು ಹೆಜ್ಜೆ ಹತ್ತಿರ ಬಂದರು. ಐದಕ್ಕೆ ಉಸಿರು ಬಿಗಿಹಿಡಿದರು. ಕಾಕಾ ತನ್ನ ಮುಳಗಾಯಿ ಹೆಬ್ಬೆರಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

“ಏಳು!”

ಕಿರುಬೆರಳು ಕೊನೆಯ ಗೆರೆಯ ಮೇಲೆ. ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಮಗನ ಗೇಣು ತಾಯಿಯ ಕೈಯಲ್ಲಿ ಮೊದಲಿನಿಂದ ಇಟ್ಟೇ ಇತ್ತು, ನಾವು ಕದರಮಂಡಲಗಿಯವರೆಗೆ ಹುಡುಕಿದ್ದೆವು.

ಮೊದಲು ಕೂಗಿದವಳು ಬಿಬಿಜಾನ್ ಕಾಲಾ: “ಹೊಳಿಯವ್ವಗ ಬಂತು ನೋಡ್ರವಾ ರೊಕ್ಕ!” ಎಲ್ಲರೂ ಚಪ್ಪಾಳೆ ಹೊಡೆದರು. ತಲಾಟಿ ಅಜ್ಜಿಯ ಜೊತೆ ಒಂದು ಫೋಟೋ ಹೊಡೆಸಿಕೊಂಡ.

ಅಜ್ಜಿಯನ್ನು ಒಂದು ಬಾಡಿಗೆ ಟೆಂಪೋದ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ರಾಣೆಬೆನ್ನೂರಿಗೆ ಹೋದೆವು. ಹನ್ನೆರಡು ಮೈಲಿ ಕಾಕಾ ಮಾತಾಡಿದ, ಅಜ್ಜಿ ಒಂದಕ್ಕೂ ಹೂಂ ಅನ್ನಲಿಲ್ಲ. ಪಡುವಣದಲ್ಲಿ ಮೋಡ ಏಳುತ್ತಿತ್ತು. ಖಲಂದರನ ಅಂಗಡಿಯ ಮುಂದೆ ಎಂಟು ಮಷಿನ್ನು ನಿಂತಿದ್ದವು. ಅವನು ಬೆಂಕಿ ಆರಿಸಿ, ಕನ್ನಡಕ ಹಣೆಗೇರಿಸಿ, ಕಬ್ಬಿಣದ ಪಟ್ಟಿಯನ್ನು ಅಜ್ಜಿಯ ಮುಂದೆ ನೆಲದ ಮೇಲೆ ಹಾಸಿದ. ಅಜ್ಜಿ ಕುಕ್ಕರಗಾಲಿನಲ್ಲಿ ಕೂತು ಗೇಣು ಹಾಕುತ್ತ ಹೋದಳು, ಖಲಂದರ ಹಿಂದಿಂದೆ ಸುಣ್ಣದ ಗೆರೆ ಎಳೆಯುತ್ತ ಬಂದ. ಕೆಲಸದ ಮಂದಿ ಸುತ್ತಿಗೆ ಕೆಳಗಿಟ್ಟು ನೋಡಿದರು.

ಏಳಕ್ಕೆ ಬಂದ ಮೇಲೆ ಅಜ್ಜಿ ಅವನ ಅಂಗೈ ಹಿಡಿದು ತಿರುಗಿಸಿ ನೋಡಿದಳು. “ಇಷ್ಟ ದೊಡ್ಡ ಕೈ ಐತಿ. ತುತ್ತು ಮಾಡಿದ್ರ ಗಡಿಗಿ ಖಾಲಿ ಆಗತೈತೇನಪಾ?”

“ನಮ್ಮ ಮನ್ಯಾಗೂ ಹಿಂಗ ಬೈತಾರಬೇ,” ಎಂದು ಖಲಂದರ ನಕ್ಕ. ಅಜ್ಜಿ ಏಳುವುದನ್ನು ಕಾದು, ಕಿಸೆಯಿಂದ ಸ್ಟೀಲಿನ ಟೇಪು ತೆಗೆದು ಗೆರೆಯಿಂದ ಗೆರೆಗೆ ಹಿಡಿದು, ಗೋಡೆಯ ಮೇಲೆ ಬರೆದ: ‘ಹೊಳಿಯವ್ವ: 56.’ ಟೇಪು ನೋಡಿ ಕಾಕಾ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಅಂಗಿ ಜಗ್ಗಿದೆ.

ಶುಕ್ರವಾರ ಹತ್ತು ಗಂಟೆಗೆ ಚೌಕಟ್ಟು ಬಂತು. ಆಕಾಶ ಕಾವಲಿಯ ತಳದಂತೆ ಕಪ್ಪಾಗಿತ್ತು. ಫೋನಿನವರು ಶನಿವಾರ ಎಂದದ್ದು ಮೋಡಕ್ಕೆ ಗೊತ್ತಿರಲಿಲ್ಲ. ಕಾಕಾ ಈ ಸಲ ಒಂದು ತಾಸಿನ ಕೆಲಸ ಅನ್ನಲಿಲ್ಲ. ನಾಲ್ಕು ಮಂದಿ ಎತ್ತಿ ಹಿಡಿದರು. ಚೌಕಟ್ಟು ಹಳೆಯ ಬಾಯಿಗೆ ‘ಟಕ್’ ಎಂದು ಕೂತಿತು. ಆಮೇಲೆ ಕಾಕಾ ಮಷಿನ್ನನ್ನು ಇಂಚಿಂಚೇ ಮುಂದೆ ತಂದ, ಮಲಗಿದ್ದ ಹಸಿರು ಹೆಡ್ಡಿನ ಬೆನ್ನಿಗೆ ಚೌಕಟ್ಟು ತಾಗಿತು, ಕೊಂಡಿ ಬಿತ್ತು, ಬದಿಯ ಶಾಫ್ಟು ಸಿಕ್ಕಿತು. ಸನ್ನೆ ಎಳೆದ. ಏಳು ಮೂತಿ ನೆಲ ಬಿಟ್ಟು ಮೆಲ್ಲಗೆ ಮೇಲೆದ್ದವು. ಹದಿನೈದು ವರ್ಷದ ಮುದಿ ಮೈ ಹೊಸ ತಲೆ ಎತ್ತಿ ನಮ್ಮೆಲ್ಲರನ್ನೂ ಒಮ್ಮೆ ನೋಡಿತು. ಹೆಂಗಸರು ದೂರ ನಿಂತು ಕುಂಕುಮ ಎರಚಿದರು.

ಆಮೇಲೆ ಆದದ್ದನ್ನು ನಾನು ಎಷ್ಟು ಸಲ ಹೇಳಿದರೂ ನನಗೇ ನಂಬಿಕೆ ಬರುವುದಿಲ್ಲ. ಮಷಿನ್ನು ಅಜ್ಜಿಯ ಹೊಲಕ್ಕೆ ಇಳಿಯಿತು. ಒಂದೊಂದು ಸಾಲು ದಂಟು ಎರಡೆರಡು ಮೂತಿಗಳ ನಡುವೆ ತಾನಾಗಿಯೇ ನಡೆದು ಬಂದು ತಲೆ ಬಾಗಿಸಿತು. ತೆನೆ ಮಾತ್ರ ಮೇಲುಳಿದು ಒಳಗೆ ಹೋಯಿತು, ದಂಟು ಪುಡಿಯಾಗಿ ಹಿಂದೆ ಬಿತ್ತು. ಆರಾರು ಸಾಲು ಒಮ್ಮೆಗೇ. ಇಪ್ಪತ್ತು ಆಳು ಮೂರು ದಿನ ಮುರಿಯುವ ಹೊಲ, ನಮ್ಮ ಕಣ್ಣೆದುರಿಗೆ ಕಾಗದ ಮಡಿಚಿದಂತೆ ಮಡಿಚಿಕೊಳ್ಳುತ್ತ ಹೋಯಿತು. ರೊಕ್ಕದ ಸಲುವಾಗಿ ಕೈ ಕೊಟ್ಟವರೆಲ್ಲ ಬದುವಿನ ಮೇಲೆ ನಿಂತಿದ್ದರು. ರೊಕ್ಕದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮಷಿನ್ನು ಬದುವಿಗೆ ಬಂದು ತನ್ನ ಉದ್ದನೆಯ ಕೊಳವೆ ಚಾಚಿ ಟ್ರ್ಯಾಕ್ಟರಿನ ಟ್ರೇಲರಿಗೆ ಕಾಳು ಸುರಿದಾಗ, ಆ ಕಪ್ಪು ಆಕಾಶದ ಕೆಳಗೆ ಹೊನ್ನಿನ ಬಣ್ಣದ ನೀರು ಧುಮುಕಿದಂತಾಯಿತು. ಬಿಬಿಜಾನ್ ಕಾಲಾ ಬೊಗಸೆ ಒಡ್ಡಿದಳು. ತಲಾಟಿಯೂ ಒಡ್ಡಿದ.

ಕೊನೆಯ ಆರು ಸಾಲು ಇರುವಾಗ ಮೊದಲ ಹನಿ ನನ್ನ ಮೂಗಿನ ಮೇಲೆ ಬಿತ್ತು. “ಲಗೂ, ಲಗೂ!” ಎಂದು ಬದುವಿನ ಮೇಲಿದ್ದವರೆಲ್ಲ ಕೂಗಿದರು. ಆ ಎಣ್ಣೆ ತಿಕ್ಕಿದ ನೂರಾರು ಕೈಗಳೇ ಟ್ರೇಲರಿನ ಮೇಲೆ ತಾಡಪತ್ರಿ ಎಳೆದವು. ನಾಲ್ಕು ಮೂಲೆ ಬಿಗಿದು ಕಟ್ಟುವುದಕ್ಕೂ ಮಳೆ ಧೋ ಎನ್ನುವುದಕ್ಕೂ ಸರಿಹೋಯಿತು.

ಕಾಕಾ ಇಂಜಿನ್ ಆರಿಸಿ ಕೆಳಗಿಳಿದ. ತೋಯಿಸಿಕೊಳ್ಳುತ್ತ ಬರಿದಾದ ಹೊಲ ದಾಟಿ, ಗಿಡದ ಕೆಳಗೆ ಗೋಣಿಚೀಲ ಹೊದ್ದು ನಿಂತಿದ್ದ ಅಜ್ಜಿಯ ಹತ್ತಿರ ಬಂದ. ಹೆಬ್ಬೆರಳಿನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಯವ್ವಾ,” ಅಂದ, “ಆತಬೇ.”

ಅಜ್ಜಿ ಹೊಲ ನೋಡಿದಳು. ಟ್ರೇಲರು ನೋಡಿದಳು. ಗೋಣಿಚೀಲದ ಒಂದು ಅಂಚು ಎತ್ತಿ ಮಗನ ತಲೆಯ ಮೇಲೂ ಎಳೆದಳು.

“ಹೂಂ,” ಅಂದಳು.